ಜನ ಇಟ್ಟುಕೊಳ್ಳುವ ಆಟ

ಓದುವ ಎಲ್ಲರಿಗೂ ನನ್ನ ಸಲಾಂ, ನಮಸ್ಕಾರ. ನಾನು ತಡವಾಗಿ ಶಾಲೆ ಮುಗಿಸಿದವನು, ಟೈಪ್ ಮಾಡುವುದನ್ನು ಅದಕ್ಕಿಂತಲೂ ತಡವಾಗಿ ಕಲಿತವನು. ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದೇನೆ. ಎಲ್ಲಾದರೂ ಒತ್ತಕ್ಷರ ತಪ್ಪಿದ್ದರೆ, ಹೇಳಿದ್ದನ್ನೇ ಮತ್ತೆ ಹೇಳಿದ್ದರೆ ಮನಸ್ಸಿಗೆ ತೆಗೆದುಕೊಳ್ಳದೆ ಮುಂದೆ ಓದಿ. ಹೇಳಲು ಹೊರಟದ್ದು ನಮ್ಮ ಮನೆಯಲ್ಲಿ ಕಳೆದ ಒಂದು ಮಳೆಗಾಲದ ವಿಷಯ. ನಾನು ಶಾಲೆಯಲ್ಲಿ ಉಳಿಯುತ್ತೇನೋ, ಪುನಃ ಕಲ್ಲಿನ ಕೋರೆಗೆ ಇಳಿಯುತ್ತೇನೋ ಎಂಬುದು ಆ ಮಳೆಗಾಲದಲ್ಲಿ ತೀರ್ಮಾನ ಆಗಬೇಕಿತ್ತು. ಆ ಸಮಯವೆಲ್ಲ ನಾನು ಕಂಪ್ಯೂಟರಿನಲ್ಲಿ ಒಂದು ಆಟ ಆಡುತ್ತಿದ್ದೆ. ಸುಮ್ಮನೆ ಆಡುತ್ತಿರಲಿಲ್ಲ, ಹೆದರಿಕೊಂಡು ಆಡುತ್ತಿದ್ದೆ.

ನಮ್ಮ ಮನೆ ವಿಟ್ಲದಿಂದ ಕನ್ಯಾನಕ್ಕೆ ಹೋಗುವ ರಸ್ತೆಯ ಬದಿಯಲ್ಲಿತ್ತು. ಉಪ್ಪ, ಅಂದರೆ ನನ್ನ ಅಪ್ಪ, ಕೆಂಪು ಕಲ್ಲಿನ ಕೋರೆಯ ಮೇಸ್ತ್ರಿ. ಯಾರದ್ದೋ ಗುಡ್ಡೆಯನ್ನು ಇಷ್ಟು ಸಮಯಕ್ಕೆಂದು ವಹಿಸಿಕೊಂಡು, ಎಂಟೊಂಬತ್ತು ಜನ ಕಲ್ಲು ಕಡಿಯುವವರನ್ನು ಇಟ್ಟುಕೊಂಡು ಕಲ್ಲು ತೆಗೆಸಿ ಮಾರುತ್ತಿದ್ದರು. ಮೂಲೆ ಒಡೆದ, ತೂತು ಬಿದ್ದ, ಲಾರಿಯವರು ಬೇಡ ಎಂದು ಬಿಟ್ಟುಹೋದ ಕಲ್ಲುಗಳನ್ನೆಲ್ಲ ತಂದು ನಮ್ಮ ಮನೆ ಕಟ್ಟಿದ್ದರು. ಒಂದೊಂದು ಕೋಣೆ ಒಂದೊಂದು ಕೋರೆಯದ್ದು. ಚಾವಡಿಯ ಗೋಡೆ ಕಡು ಕೆಂಪು, ಅಡುಗೆಮನೆಯದ್ದು ಹಳದಿಗೆ ತಿರುಗಿದ ಬಣ್ಣ, ಉಮ್ಮ ಮಲಗುವ ಕೋಣೆಯದ್ದು ಕಪ್ಪು ಕಪ್ಪು ಕಲೆಗಳಿದ್ದದ್ದು. ಗಾರೆ ಮಾಡಿಸುವ ಮಾತು ಪ್ರತೀ ವರ್ಷ ಬರುತ್ತಿತ್ತು, ಪ್ರತೀ ವರ್ಷ ಹೋಗುತ್ತಿತ್ತು. ಗೋಡೆಯ ತೂತುಗಳಲ್ಲಿ ಉಮ್ಮ ಬಾಚಣಿಗೆ, ಸೂಜಿ, ಬೆಂಕಿಪೆಟ್ಟಿಗೆ ಇಡುತ್ತಿದ್ದರು. ಊರಿನವರ ಮನೆಗೆಲ್ಲ ಚಂದದ ಕಲ್ಲು ಕೊಡುವ ಮನುಷ್ಯ ಸ್ವಂತ ಹೆಂಡತಿಗೆ ಹುಳ ತಿಂದ ಕಲ್ಲು ಕೊಟ್ಟಿದ್ದಾರೆ ಎಂದು ಬಂದ ನೆಂಟರಿಗೆಲ್ಲ ಹೇಳಿ ನಗುತ್ತಿದ್ದರು. ನಗುವಾಗ ಅವರ ಕಣ್ಣು ಉಪ್ಪನ ಮೇಲೆಯೇ ಇರುತ್ತಿತ್ತು.

ಶನಿವಾರ ಸಂಜೆ ನಮ್ಮ ಜಗಲಿಯಲ್ಲಿ ಬಟವಾಡೆ. ಕೋರೆಯ ಜನರೆಲ್ಲ ಕೆರೆಯಲ್ಲಿ ಮಿಂದು, ಕೂದಲಿನ ನೀರು ಆರುವ ಮೊದಲೇ ಬಂದು ಕೂರುತ್ತಿದ್ದರು. ಉಮ್ಮ ದೊಡ್ಡ ಪಾತ್ರೆಯಲ್ಲಿ ಚಾ ಮಾಡಿ, ಅವಲಕ್ಕಿಗೆ ಬೆಲ್ಲ ಕಲಸಿ ಕೊಡುತ್ತಿದ್ದರು. ಆ ಜನರಲ್ಲಿ ಎಲ್ಲರಿಗಿಂತ ಹಿರಿಯರು ಬಾಬಣ್ಣ. ಉಪ್ಪ ಮೇಸ್ತ್ರಿ ಆಗುವ ಮೊದಲು ಇಬ್ಬರೂ ಒಂದೇ ಕೋರೆಯಲ್ಲಿ ಅಕ್ಕಪಕ್ಕ ನಿಂತು ಕಲ್ಲು ಕಡಿದವರಂತೆ. ಅವರಿಬ್ಬರ ಮಾತೆಲ್ಲ ತುಳುವಿನಲ್ಲಿ, ನಮ್ಮ ಮನೆಯೊಳಗಿನ ಮಾತು ಬ್ಯಾರಿ ಭಾಷೆಯಲ್ಲಿ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಕಲ್ಲು ಕಡಿಯುವವರಲ್ಲಿ ಒಂದು ಕ್ರಮ ಇತ್ತು. ಪಿಕ್ಕಾಸು, ಕೊಡಲಿ ಇವೆಲ್ಲ ಕೆಲಸದವರದ್ದೇ ಸ್ವಂತ. ಮೇಸ್ತ್ರಿಯದ್ದು ಏನಿದ್ದರೂ ಹಾರೆ, ಬುಟ್ಟಿ ಮಾತ್ರ. ತನ್ನ ಹತ್ಯಾರನ್ನು ಯಾರೂ ಇನ್ನೊಬ್ಬನ ಕೈಗೆ ಕೊಡುವುದಿಲ್ಲ, ಇನ್ನೊಬ್ಬನದ್ದನ್ನು ಮುಟ್ಟುವುದೂ ಇಲ್ಲ. ಮಳೆ ಹಿಡಿದು ಕೋರೆಯಲ್ಲಿ ನೀರು ತುಂಬಿದಾಗ ಅವರೆಲ್ಲ ಬಂದು ಹತ್ಯಾರುಗಳನ್ನು ನಮ್ಮ ಜಗಲಿಯ ಗೋಡೆಗೆ ಒರಗಿಸಿ, ಊಟ ಮಾಡಿ, ಮಳೆಗಾಲದ ಮುಂಗಡ ತೆಗೆದುಕೊಂಡು ಹೋಗುತ್ತಿದ್ದರು. ಹತ್ಯಾರು ನಮ್ಮಲ್ಲಿ ಇಟ್ಟು ಹೋದರೆ ಮಳೆ ಮುಗಿದ ಮೇಲೆ ನಮ್ಮಲ್ಲಿಗೇ ಬರುತ್ತೇನೆ ಎಂದು ಅರ್ಥ. ಕೊಂಡುಹೋದರೆ ಅವನ ದಾರಿ ಬೇರೆ.

ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದೆ. ಆ ವರ್ಷ ಉಪ್ಪನ ಸೊಂಟಕ್ಕೆ ಪೆಟ್ಟಾಗಿ ಮನೆಯಲ್ಲಿ ಕೈಗೊಂದು ಜನ ಬೇಕಾಯಿತು. ಕೋರೆಯಲ್ಲಿ ಮಣ್ಣು ಹೊರುತ್ತಾ ಹೊರುತ್ತಾ ವರ್ಷಗಳು ಹೋದವು. ಮತ್ತೆ ಒಬ್ಬರು ಮೇಷ್ಟ್ರು, ಮನೆ ಕಟ್ಟಿಸಲು ಕಲ್ಲು ನೋಡಲಿಕ್ಕೆಂದು ಕೋರೆಗೆ ಬಂದವರು, ನನ್ನನ್ನು ನೋಡಿ ಉಪ್ಪನಿಗೆ ಬೈದು ಪುನಃ ಶಾಲೆಗೆ ಸೇರಿಸಿದರು. ನಾನು ಹೇಳುವ ಮಳೆಗಾಲದಲ್ಲಿ ನಾನು ಒಂಬತ್ತನೇ ಕ್ಲಾಸು. ಮೀಸೆ ಬಂದಿತ್ತು. ಕ್ಲಾಸಿನ ಹುಡುಗರು ನನ್ನನ್ನು ಅಂಕಲ್ ಎಂದು ಕರೆಯುತ್ತಿದ್ದರು. ಬೇಸರ ಆಗುತ್ತಿತ್ತು, ಆದರೆ ಬೆಂಚಿನಲ್ಲಿ ಕೂತು ಪುಸ್ತಕದ ವಾಸನೆ ಹಿಡಿಯುವಾಗ ಆ ಬೇಸರ ದೊಡ್ಡದೆಂದು ಅನಿಸುತ್ತಿರಲಿಲ್ಲ. ಇನ್ನೊಂದು ಸಲ ಬಿಟ್ಟರೆ ಮೂರನೇ ಸಲ ಯಾರೂ ಸೇರಿಸಿಕೊಳ್ಳುವುದಿಲ್ಲ ಎಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು.

ಕಂಪ್ಯೂಟರ್ ನಮ್ಮ ಮನೆಗೆ ಬಂದದ್ದು ಭಾವನಿಂದ. ಅಕ್ಕ ರಮ್ಲತ್‌ಳ ಗಂಡ ಮುಂಬೈಯ ಒಂದು ರಿಪೇರಿ ಅಂಗಡಿಯಲ್ಲಿದ್ದವರು, ಶಾರ್ಜಾಕ್ಕೆ ಹೋಗುವಾಗ ಅಕ್ಕ ಮತ್ತು ಮಗುವಿನ ಜೊತೆ ತಮ್ಮ ಹಳೆಯ ಕಂಪ್ಯೂಟರನ್ನೂ ನಮ್ಮಲ್ಲಿ ಬಿಟ್ಟು ಹೋಗಿದ್ದರು. ಚಾವಡಿಯ ಮೂಲೆಯಲ್ಲಿ ಅದನ್ನಿಟ್ಟು, ಉಮ್ಮನ ಹಳೆಯ ಹೂವಿನ ಬೆಡ್‌ಶೀಟ್ ಹೊದಿಸಿದ್ದೆವು. ಅದರೊಳಗೆ ಭಾವ ಹಾಕಿಟ್ಟಿದ್ದ ಒಂದು ಆಟ ಇತ್ತು. ಒಂದು ದೇಶವನ್ನು ಕೆಟ್ಟ ರಾಣಿಯೊಬ್ಬಳು ಹಿಡಿದುಕೊಂಡಿರುತ್ತಾಳೆ. ಅವಳನ್ನು ಓಡಿಸಲು ನಾವು ಸಂಬಳ ಕೊಟ್ಟು ಬಾಡಿಗೆ ಸೈನಿಕರನ್ನು ಇಟ್ಟುಕೊಳ್ಳಬೇಕು. ಒಬ್ಬೊಬ್ಬನ ಮುಖ, ಅವನಿಗೆ ಏನೆಲ್ಲ ಕೆಲಸ ಗೊತ್ತು, ಒಂದು ದಿನಕ್ಕೆ ಎಷ್ಟು, ಒಂದು ವಾರಕ್ಕೆ ಎಷ್ಟು, ಎಲ್ಲ ಪರದೆಯ ಮೇಲೆ ಬರುತ್ತದೆ. ಸಂಬಳ ಮೊದಲೇ ಕೊಡಬೇಕು. ಕರಾರು ಮುಗಿದರೆ ಪುನಃ ಕೊಡಬೇಕು, ಇಲ್ಲದಿದ್ದರೆ ಹೊರಟುಹೋಗುತ್ತಾರೆ. ಆ ದೇಶದಲ್ಲಿ ಬೆಳ್ಳಿಯ, ಚಿನ್ನದ ಗಣಿಗಳುಂಟು. ಗಣಿ ಇರುವ ಊರನ್ನು ರಾಣಿಯ ಕೈಯಿಂದ ಬಿಡಿಸಿಕೊಂಡರೆ ದಿನಾ ಹಣ ಬರುತ್ತದೆ. ಅದರಿಂದ ಸಂಬಳ, ಕೋವಿ, ಗುಂಡು, ಔಷಧಿ. ನಾನು ಡಿಕ್ಷನರಿ ಮಡಿಲಲ್ಲಿಟ್ಟುಕೊಂಡು ಒಂದೊಂದು ಮಾತಿನ ಅರ್ಥ ಹುಡುಕಿ ಆಡುತ್ತಿದ್ದೆ. ನನ್ನ ಇಂಗ್ಲಿಷಿನಲ್ಲಿ ಅರ್ಧ ಅಲ್ಲಿಂದಲೇ ಬಂದದ್ದು. ಉಮ್ಮ ಅದಕ್ಕೆ ಜನ ಇಟ್ಟುಕೊಳ್ಳುವ ಆಟ ಎಂದು ಹೆಸರಿಟ್ಟರು.

ಮಳೆಗಾಲದಲ್ಲಿ ಕೆಲಸ ಇಲ್ಲದ ಮೇಸ್ತ್ರಿ ಮನೆಯಲ್ಲಿ ಕೂತರೆ ಕೈ ಕಾಲು ಎಲ್ಲಿಡುವುದೆಂದು ಗೊತ್ತಾಗುವುದಿಲ್ಲ. ಉಪ್ಪ ನನ್ನ ಹಿಂದೆ ಕುರ್ಚಿ ಎಳೆದು ಕೂತರು. ಮೊದಲ ದಿನ ನೋಡಿದರು, ಎರಡನೇ ದಿನ ಸಲಹೆ ಕೊಟ್ಟರು. ಒಬ್ಬೊಬ್ಬನನ್ನೇ ತೆಗೆದುಕೊಳ್ಳುವುದು ಮೇಸ್ತ್ರಿ ಕೆಲಸ ಅಲ್ಲ, ಜನ ಮೊದಲು ಒಟ್ಟು ಮಾಡಬೇಕು, ಜನ ಇದ್ದರೆ ಕೋರೆ ತಾನಾಗಿ ಸಿಗುತ್ತದೆ ಎಂದರು. ಸರಿ ಎಂದು ನಾನು ಕಡಿಮೆ ಸಂಬಳದವರನ್ನು ಒಂದು ದೊಡ್ಡ ತಂಡ ಮಾಡಿಕೊಂಡೆ. ಆಟದ ಗಡಿಯಾರ ಓಡಿತು. ಒಂದು ಗಣಿ ಕೈಗೆ ಬರುವ ಮೊದಲೇ ವಾರ ಮುಗಿದು, ಪರದೆಯ ಕೆಳಗಿನ ಮೂಲೆಯಲ್ಲಿದ್ದ ಹಣದ ಸಂಖ್ಯೆ ತಳ ಕಂಡು, ಜನರೆಲ್ಲ ಒಬ್ಬರ ಹಿಂದೆ ಒಬ್ಬರು ಹೆಲಿಕಾಪ್ಟರ್ ಹತ್ತಿ ಹೋದರು. ಮಗುವಿಗೆ ಗಂಜಿ ತಿನ್ನಿಸುತ್ತಿದ್ದ ರಮ್ಲತ್ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕಳು. ಹಣ ತಿಂದು ಹೋದವರು ಒಂದು ಚಾ ಆದರೂ ಕುಡಿದು ಹೋಗಬಹುದಿತ್ತಲ್ಲ ಎಂದಳು. ಉಪ್ಪ ಮಾತ್ರ ನಗಲಿಲ್ಲ.

ಅವರು ನಗದೇ ಇದ್ದದ್ದಕ್ಕೆ ಕಾರಣ ಇತ್ತು. ಆ ವರ್ಷ ನಮ್ಮ ಸುತ್ತಿನ ಕೋರೆಗಳಿಗೆ ಕಲ್ಲು ಕೊಯ್ಯುವ ಮೆಷಿನ್ ಬರಲು ಶುರುವಾಗಿತ್ತು. ಮೆಷಿನಿನ ಕಲ್ಲು ಸೋಪಿನ ಹಾಗೆ ನಯ, ಅಳತೆಯಲ್ಲಿ ಒಂದು ಕೂದಲೂ ಆಚೀಚೆ ಇಲ್ಲ. ಗಿರಾಕಿಗಳು ಅದನ್ನೇ ಕೇಳತೊಡಗಿದ್ದರು. ಮೂಡುಬಿದಿರೆ ಕಡೆಯ ಒಬ್ಬರು ಹಳೆಯ ಮೆಷಿನ್ ಒಂದನ್ನು ಕಡಿಮೆಗೆ ಕೊಡುತ್ತೇನೆಂದು ಹೇಳಿ ಕಳಿಸಿದ್ದರು. ಉಪ್ಪನ ಕೈಯಲ್ಲಿದ್ದದ್ದು ಒಂದು ದಾರಿಗೆ ಮಾತ್ರ ಸಾಲುವಷ್ಟು. ಜನರಿಗೆ ಮುಂಗಡ ಕೊಟ್ಟು ತಂಡ ಉಳಿಸಿಕೊಳ್ಳಬೇಕು, ಇಲ್ಲದಿದ್ದರೆ ಮೆಷಿನ್ ತರಬೇಕು. ಆ ಸಲ ಜನ ಬಂದು ಹತ್ಯಾರು ಒರಗಿಸಿ, ಊಟ ಮಾಡಿ, ಮುಂಗಡ ಇಲ್ಲದೆಯೇ ಹೋಗಿದ್ದರು. ಸ್ವಲ್ಪ ದಿನ ತಡೆಯಿರಿ ಎಂದು ಉಪ್ಪ ಹೇಳಿದ್ದರು. ಒಂದು ಮಧ್ಯಾಹ್ನ ನಾನು ಕೈ ತೊಳೆಯಲು ಅಡುಗೆಮನೆಯ ಹಿಂದೆ ಹೋದವನು ಒಳಗಿನ ಮಾತು ಕೇಳಿ ಅಲ್ಲಿಯೇ ನಿಂತೆ.

“ಅವ ಅಷ್ಟು ವರ್ಷ ಮಣ್ಣು ಹೊತ್ತಾಯ್ತು. ಈಗ ಪುನಃ ಕರಿಬೇಡಿ ಅವನನ್ನು,” ಉಮ್ಮ ಹೇಳುತ್ತಿದ್ದರು.

“ನಾನು ಕರಿಯುವುದಾ? ಅಷ್ಟು ಹಣ ಹಾಕಿ ತಂದು ಯಾರದ್ದೋ ಕೈಗೆ ಬಿಡ್ಲಿಕ್ಕೆ ಆಗ್ತದಾ? ಪಿಕ್ಕಾಸು ಆದ್ರೆ ಕೆಲಸದವನದ್ದು, ಅವನೇ ನೋಡಿಕೊಳ್ತಾನೆ. ಮೆಷಿನ್ ನಮ್ಮದು. ಅದರ ಹತ್ತಿರ ಮನೆಯ ಒಬ್ಬ ಇರ್ಲೇಬೇಕು.”

“ಹಾಗಾದ್ರೆ ನೀವೇ ಇರಿ.”

“ನಾನು ಅಲ್ಲಿ ನಿಂತರೆ ಕಲ್ಲು ಮಾರುವುದು ನೀನಾ?”

“ಮಾರ್ತೇನೆ. ಈ ಮನೆಯ ಗೋಡೆ ನೋಡಿದ್ರೆ ನಿಮಗಿಂತ ಚಂದ ಮಾರ್ತೇನೆ.”

ಬಂಗುಡೆ ಸಾರಿನ ತಟ್ಟೆಯಲ್ಲಿ ಉಪ್ಪನ ಕೈ ಹಾಗೆಯೇ ನಿಂತದ್ದು ಬಾಗಿಲಿನ ಸಂದಿಯಲ್ಲಿ ಕಂಡಿತು. ನಾನು ಕೈ ತೊಳೆಯದೆಯೇ ಚಾವಡಿಗೆ ಬಂದೆ. ಆವತ್ತಿನಿಂದ ನನ್ನ ಆಟ ಬೇರೆಯೇ ಆಯಿತು. ಇಡೀ ತಂಡವನ್ನು ಉಳಿಸಿಕೊಂಡೇ ಗೆಲ್ಲಬಹುದೆಂದು ಪರದೆಯ ಮೇಲೆ ತೋರಿಸಿದರೆ, ಉಪ್ಪ ನಿಜವಾಗಿಯೂ ಜನರಿಗೆ ಮುಂಗಡ ಕೊಡುತ್ತಾರೆ, ಮೆಷಿನ್ ಬರುವುದಿಲ್ಲ, ನಾನು ಶಾಲೆಯಲ್ಲಿರುತ್ತೇನೆ. ಹೀಗಿತ್ತು ನನ್ನ ಲೆಕ್ಕ. ಈಗ ಟೈಪ್ ಮಾಡುವಾಗ ನನಗೇ ಇದು ಮಕ್ಕಳಾಟದ ಹಾಗೆ ಕಾಣುತ್ತದೆ. ಆದರೆ ಆಗ ಉಪ್ಪನ ಎದುರು ಬಾಯಿ ಬಿಟ್ಟು ಹೇಳುವ ಧೈರ್ಯ ಇಲ್ಲದವನಿಗೆ ಅದೊಂದೇ ದಾರಿ ಕಂಡದ್ದು.

ಹೊಸದಾಗಿ ಆಟ ಶುರು ಮಾಡಿದೆ. ದಿನದ ಕರಾರಿಗಿಂತ ವಾರದ್ದು ಅಗ್ಗ, ಹಾಗಾಗಿ ಎಲ್ಲರಿಗೂ ವಾರದ್ದೇ ಮಾಡಿದೆ. ಹೊಸ ಕೋವಿ ಖರೀದಿಸದೆ, ಸತ್ತ ಶತ್ರುಗಳ ಕೋವಿಗಳನ್ನು ಒಟ್ಟು ಮಾಡಿ ಒಳ್ಳೆಯದನ್ನು ಇಟ್ಟುಕೊಂಡು ಉಳಿದದ್ದನ್ನು ಮಾರಿದೆ. ಗಾಯವಾದರೆ ಔಷಧಿ ಖರ್ಚಾಗುತ್ತದೆಂದು ಒಬ್ಬೊಬ್ಬನನ್ನು ಗೋಡೆಯ ಮರೆಯಲ್ಲಿ ತೆವಳಿಸಿಕೊಂಡು ಹೋಗುತ್ತಿದ್ದೆ. ಮೊದಲ ಗಣಿ ಸಿಕ್ಕಿತು. ಸಂಖ್ಯೆ ಮೊದಲ ಸಲ ಮೇಲೆ ಹೋಯಿತು. ಕೆಲಸ ಕಲಿತ ಹಾಗೆ ಆ ಜನರ ಸಂಬಳವೂ ಏರುತ್ತಾ ಬಂತು. ಅದು ನ್ಯಾಯ ಎಂದು ಉಪ್ಪ ತಲೆ ಆಡಿಸಿದರು. ಊಟ ಯಾರು ಹಾಕುತ್ತಾರೆ ಎಂದು ಕೇಳಿದರು. ಆಟದಲ್ಲಿ ಊಟ ಇಲ್ಲ ಎಂದಾಗ ಅವರಿಗೆ ಅದು ಸರಿ ಕಾಣಲಿಲ್ಲ. ಸಂಬಳ ಕೊಡುವ ಹೊತ್ತು ಬಂದಾಗಲೆಲ್ಲ ನನ್ನ ಅಂಗೈ ಬೆವರಿ ಮೌಸ್ ಜಾರುತ್ತಿತ್ತು. ಕರೆಂಟ್ ಯಾವಾಗ ಹೋಗುತ್ತದೋ ಎಂಬ ಹೆದರಿಕೆ ಇನ್ನೊಂದು. ಗಡಿಯಾರ ನಿಲ್ಲಿಸಿ ನಾನು ಲೆಕ್ಕ ಹಾಕುವುದನ್ನು ಉಪ್ಪ ನೋಡಿದರು.

“ಇದನ್ನು ನಿಲ್ಲಿಸಿದ್ರೆ ಸಂಬಳವೂ ನಿಲ್ತದಾ?”

“ನಿಲ್ತದೆ.”

“ಒಳ್ಳೆದುಂಟು ನಿನ್ನ ಊರು,” ಎಂದು ಅವರು ಹೊರಗೆ ಮಳೆಯ ಕಡೆ ನೋಡಿದರು.

ಇನ್ನೊಂದು ದಿನ ನಾನು ಒಬ್ಬನಿಗೆ ಒಳ್ಳೆಯ ಕೋವಿ ಕೊಡುತ್ತಿದ್ದೆ. ಅವನ ಕರಾರು ಮುಗಿಯಲು ಹೆಚ್ಚು ಸಮಯ ಇರಲಿಲ್ಲ. ಉಪ್ಪ ಕುರ್ಚಿಯನ್ನು ಮುಂದಕ್ಕೆ ಎಳೆದರು.

“ಕೋವಿ ಯಾರದ್ದು?”

“ನನ್ನದೇ. ನಾನು ಹಣ ಕೊಟ್ಟದ್ದು.”

“ಅವ ಹೋಗುವಾಗ?”

“ಇಲ್ಲಿಯೇ ಬಿಟ್ಟು ಹೋಗ್ತಾನೆ.”

“ಹಾಳು ಮಾಡದೆ?”

ಕೋವಿ ಸವೆಯುತ್ತದೆ. ಅದಕ್ಕೆಂದೇ ರಿಪೇರಿ ಗೊತ್ತಿರುವ ಒಬ್ಬನನ್ನು ನಾನು ಇಟ್ಟುಕೊಂಡಿದ್ದೆ. ಅವನಿಗೆ ಗುರಿ ಇಟ್ಟು ಹೊಡೆಯಲಿಕ್ಕೆ ಬರುತ್ತಿರಲಿಲ್ಲ, ಆದರೆ ಅವನ ಸಂಬಳ ಇಬ್ಬರು ಹೊಡೆಯುವವರಷ್ಟು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬಾಡಿಗೆಯವನ ಕೈಗೆ ಕೊಟ್ಟ ಹತ್ಯಾರನ್ನು ಇನ್ನೊಬ್ಬ ಬಾಡಿಗೆಯವನೇ ನೋಡಿಕೊಳ್ಳುವುದು ಉಪ್ಪ ಅಲ್ಲಿಯವರೆಗೆ ಯೋಚಿಸಿರದ ವಿಷಯ ಎಂದು ಕಾಣುತ್ತದೆ. ಆ ರಿಪೇರಿಯವನ ಮುಖವನ್ನು ಇನ್ನೊಮ್ಮೆ ತೋರಿಸಲಿಕ್ಕೆ ಹೇಳಿದರು. ತೋರಿಸಿದೆ. ತುಂಬ ಹೊತ್ತು ನೋಡಿದರು.

ಮರುದಿನವೇ ನನ್ನ ಗಣಿಯ ಮೇಲೆ ರಾಣಿಯ ಸೈನ್ಯ ಬಿತ್ತು. ಊರಿನವರಿಗೆ ತರಬೇತಿ ಕೊಟ್ಟು ಗಣಿಗೆ ಕಾವಲು ಹಾಕಬಹುದು, ಆದರೆ ಅದಕ್ಕೂ ಹಣ ಬೇಕು. ನನ್ನ ಹಣವೆಲ್ಲ ತಂಡದ ಸಂಬಳಕ್ಕೆ ಹೋಗಿತ್ತು. ಗಣಿ ಹೋಯಿತು. ಹಿಂದೆ ಉಳಿಸಿಟ್ಟ ಜಾಗದಿಂದ ಪುನಃ ಆಡಬಹುದಿತ್ತು. ಉಪ್ಪ ನೋಡಿದ ಮೇಲೆ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಕಷ್ಟಪಟ್ಟು ಹೊಡೆದಾಡಿ ಗಣಿಯನ್ನು ವಾಪಸು ತೆಗೆದುಕೊಂಡಾಗ ಕೈಯಲ್ಲಿ ಉಳಿದದ್ದು ಚೂರುಪಾರು. ಈಗ ಕಾವಲು ಹಾಕದಿದ್ದರೆ ಗಣಿ ಪುನಃ ಹೋಗುತ್ತದೆ, ಹಾಕಿದರೆ ಒಬ್ಬನ ಸಂಬಳಕ್ಕೆ ಹಣ ಇಲ್ಲ. ಗಡಿಯಾರ ನಿಲ್ಲಿಸಿ ಕೂತೆ. ಆ ಹೊತ್ತಿಗೆ ಕೊಡೆ ಮಡಚಿಕೊಂಡು ಬಾಬಣ್ಣ ಬಂದರು. ಮುಂಗಡದ ವಿಷಯ ಕೇಳಲಿಕ್ಕೆ ಬಂದದ್ದೆಂದು ಎಲ್ಲರಿಗೂ ಗೊತ್ತು, ಯಾರೂ ಎತ್ತಲಿಲ್ಲ. ಉಮ್ಮ ಚಾ ತಂದು ಕೊಟ್ಟರು. ಬಾಬಣ್ಣ ಲೋಟ ಹಿಡಿದುಕೊಂಡು ಉಪ್ಪನ ಪಕ್ಕದಲ್ಲಿ ನಿಂತು ಪರದೆಯನ್ನು ನೋಡಿ, ಇದೆಂತದ್ದು ಎಂದು ಕೇಳಿದರು. ಉಪ್ಪನೇ ಎಲ್ಲ ವಿವರಿಸಿದರು. ಗಣಿ, ಸಂಬಳ, ಕಾವಲು, ಈಗ ಬಂದ ಕಷ್ಟ. ಕೋರೆಯ ಸುದ್ದಿಯನ್ನೇ ಹೇಳುವ ಹಾಗೆ ಹೇಳಿದರು. ಬಾಬಣ್ಣ ಒಬ್ಬೊಬ್ಬರ ಮುಖವನ್ನು ನೋಡುತ್ತಾ ಬಂದು ಒಂದು ಕಡೆ ಬೆರಳಿಟ್ಟರು. ನನ್ನ ತಂಡದಲ್ಲಿ ತಲೆ ನರೆತ ಒಬ್ಬ ಇದ್ದ. ಬೇರೆಯವರಿಗಿಂತ ನಿಧಾನ, ಆದರೆ ಶುರುವಿನಿಂದ ಜೊತೆಗೆ ಇದ್ದವನು.

“ಇವನನ್ನು ಕಳಿಸು ಮೋನು,” ಎಂದು ನನಗೆ ಹೇಳಿದರು. “ಇವನ ಸಂಬಳದಲ್ಲಿ ಕಾವಲು ಆಗ್ತದೆ.”

“ಅವ ಮೊದಲಿನಿಂದ ಇದ್ದವ, ಬಾಬಣ್ಣ.”

“ಇರ್ಲಿ. ಮೊದಲಿನಿಂದ ಇದ್ದವನಿಗೆ ಹೇಳಿದ್ರೆ ಗೊತ್ತಾಗ್ತದೆ. ಹೊಸಬನಿಗೆ ಹೇಳಿದ್ರೆ ಜಗಳ ಮಾಡ್ತಾನೆ.”

ಉಪ್ಪ ಬಾಬಣ್ಣನ ಮುಖ ನೋಡಿದರು. ಬಾಬಣ್ಣ ಚಾ ಊದುತ್ತಿದ್ದರು. ನಾನು ಮೌಸಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ, ಒತ್ತಲಿಕ್ಕೆ ಆಗಲಿಲ್ಲ. ಕೊನೆಗೆ ಉಪ್ಪನೇ ಒತ್ತು ಎಂದರು. ಒತ್ತಿದೆ. ನರೆತ ತಲೆಯವನು ತನ್ನ ಕೋವಿಯನ್ನು ನೆಲದ ಮೇಲೆ ಬಿಟ್ಟು ಹೋದ. ಗಣಿಗೆ ಕಾವಲು ಬಂತು. ಬಾಬಣ್ಣ ಮುಂಗಡದ ಮಾತನ್ನು ಎತ್ತದೆಯೇ ಕೊಡೆ ಬಿಡಿಸಿಕೊಂಡು ಇಳಿದುಹೋದರು.

ಆ ವಾರದಲ್ಲಿಯೇ ಉಪ್ಪ ಮತ್ತು ಬಾಬಣ್ಣ ಇಬ್ಬರೂ ಬೆಳಗ್ಗಿನ ಬಸ್ಸಿನಲ್ಲಿ ಬಂಟ್ವಾಳಕ್ಕೆ, ಅಲ್ಲಿಂದ ಮೂಡುಬಿದಿರೆಗೆ ಹೋಗಿ ಮೆಷಿನ್ ನೋಡಿ ಬಂದರು. ಬಸ್ಸಿನಲ್ಲಿ ಏನೆಲ್ಲ ಮಾತಾಯಿತೋ ನನಗೆ ಪೂರ್ತಿ ಗೊತ್ತಿಲ್ಲ. ಬಂದ ದಿನ ಉಪ್ಪ ಊಟಕ್ಕೆ ಕೂತು ಮೊದಲು ಉಮ್ಮನಿಗೆ ಹೇಳಿದರು. ಮೆಷಿನ್ ತರುವುದು. ಅದನ್ನು ಓಡಿಸಲಿಕ್ಕೆ ತಂಡದಲ್ಲಿಯೇ ಇರುವ, ಬೈಕ್ ರಿಪೇರಿ ಗೊತ್ತಿರುವ ಒಬ್ಬ ಹುಡುಗ, ಬಾಬಣ್ಣನೇ ಆರಿಸಿದ್ದು. ಇನ್ನು ಮೂವರು ಉಳಿಯುತ್ತಾರೆ. ಬೇರೆಯವರಿಗೆ ಕೈಗೆ ಸ್ವಲ್ಪ ಕೊಟ್ಟು ಬಿಡುವುದು, ಬೆಳ್ತಂಗಡಿ ಕಡೆಯ ಕೋರೆಗಳಲ್ಲಿ ಇನ್ನೂ ಕೈಯಿಂದಲೇ ಕಡಿಯುತ್ತಾರಂತೆ. ಆಮೇಲೆ ನನ್ನ ಕಡೆ ತಿರುಗಿದರು.

“ನೀನು ಮೆಷಿನಿಗೆ ಬಂದಿದ್ರೆ ಆ ಹುಡುಗನ ಸಂಬಳ ಉಳಿತಿತ್ತು. ಬಾಬುವನ್ನು ಇಟ್ಟುಕೊಳ್ಬಹುದಿತ್ತು. ನಾನು ಅವನಿಗೆ ಹಾಗೆಯೇ ಹೇಳಿದೆ. ಮುಚ್ಚಿಡಲಿಲ್ಲ.”

“ಬಾಬಣ್ಣ ಎಂತ ಹೇಳಿದ್ರು?” ಉಮ್ಮ ಕೇಳಿದರು.

“ಮಕ್ಕಳನ್ನು ಎಷ್ಟು ಸಲ ಶಾಲೆ ಬಿಡಿಸುವುದು ಮೇಸ್ತ್ರಿ ಅಂತ ಕೇಳಿದ. ಮತ್ತೆ ಕಿಟಕಿಯ ಹೊರಗೆ ನೋಡಿದ.”

ಹಾಗೆ ನಾನು ಶಾಲೆಯಲ್ಲಿ ಉಳಿದೆ. ಬೇಕೆಂದು ಬೇಡಿದ್ದು ಸಿಕ್ಕಿತ್ತು. ಆದರೆ ಇನ್ನು ಬಾಬಣ್ಣನ ಎದುರು ಹೇಗೆ ಹೋಗಿ ನಿಲ್ಲುವುದೆಂಬ ಹೆದರಿಕೆ ಶುರುವಾಯಿತು. ಮರುದಿನ ಹತ್ಯಾರು ಕೊಂಡುಹೋಗಲು ಜನ ಬಂದರು. ಉಮ್ಮ ಆವತ್ತು ಕೋಳಿ ಸಾರು ಮಾಡಿ, ಅಕ್ಕಿ ಹಿಟ್ಟಿನ ಪತ್ತಿರಿ ಸುಟ್ಟು, ಎಲ್ಲರನ್ನೂ ಚಾವಡಿಯೊಳಗೆ ಕೂರಿಸಿ ಬಡಿಸಿದರು. ಜಗಲಿಯಲ್ಲಿ ಬೇಡ ಎಂದರು. ಬಾಬಣ್ಣ ಎರಡು ಸಲ ಸಾರು ಹಾಕಿಸಿಕೊಂಡರು. ಹೋಗುವಾಗ ಉಪ್ಪನೇ ಬಾಬಣ್ಣನ ಪಿಕ್ಕಾಸನ್ನು ಎತ್ತಿ ಕೊಟ್ಟರು. ಇನ್ನೊಬ್ಬನ ಹತ್ಯಾರನ್ನು ಅವರು ಮುಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕಂಪ್ಯೂಟರಿನ ಮೇಲೆ ಬೆಡ್‌ಶೀಟ್ ಹೊದಿಸಿತ್ತು. ನಾನು ಆಮೇಲೆ ಆ ಆಟವನ್ನು ಕೊನೆಯವರೆಗೆ ಆಡಲಿಲ್ಲ. ಆ ರಾಣಿ ಈಗಲೂ ಅಲ್ಲಿಯೇ ಇರಬೇಕು.

ಬಾಬಣ್ಣ ಬೆಳ್ತಂಗಡಿಗೆ ಹೋಗಲಿಲ್ಲ, ಆ ವಯಸ್ಸಿನಲ್ಲಿ ಹೊಸ ಮೇಸ್ತ್ರಿ ಯಾಕೆ ಎಂದರಂತೆ. ವಿಟ್ಲ ಪೇಟೆಯ ಒಂದು ಅಂಗಡಿಯ ಹಿಂದೆ ತೆಂಗಿನಕಾಯಿ ಸುಲಿಯುವ ಕೆಲಸಕ್ಕೆ ನಿಂತರು. ನಾನು ಶಾಲೆಗೆ ಹೋಗುವುದು ಅದೇ ದಾರಿಯಲ್ಲಿ. ಕಂಡಾಗಲೆಲ್ಲ ಯಾವ ಕ್ಲಾಸು ಈಗ ಎಂದು ಕೇಳುತ್ತಿದ್ದರು. ನಿನ್ನೆ ಕೇಳಿದ್ದನ್ನು ಇವತ್ತೂ ಕೇಳುತ್ತಿದ್ದರು. ಒಂಬತ್ತು ಬಾಬಣ್ಣ, ಹತ್ತು ಬಾಬಣ್ಣ. ಆ ಪ್ರಶ್ನೆಗೆ ಉತ್ತರ ಕೊಡಬೇಕಲ್ಲ ಎಂಬ ಗಾಬರಿಯಲ್ಲೇ ನಾನು ಓದಿದ್ದು ಹೆಚ್ಚು. ಹತ್ತರಲ್ಲಿ ಗಣಿತದಲ್ಲಿ ಫೇಲಾದೆ. ಮನೆಯಲ್ಲಿ ಹೇಳಲಿಕ್ಕೆ ಅಷ್ಟು ಕಷ್ಟ ಆಗಲಿಲ್ಲ. ಪೇಟೆಗೆ ಹೋಗುವಾಗ ಮಾತ್ರ ಸುತ್ತು ಬಳಸಿ, ಹಿಂದಿನ ಓಣಿಯಿಂದ ಹೋಗತೊಡಗಿದೆ. ಒಂದು ದಿನ ಅವರು ಆ ಓಣಿಯ ಬಾಯಿಯಲ್ಲಿಯೇ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ನಾನು ನಿಂತೆ. ಫೇಲಾದದ್ದನ್ನು ಹೇಳಿದೆ.

“ಪುನಃ ಬರಿಲಿಕ್ಕೆ ಆಗ್ತದಾ?”

“ಆಗ್ತದೆ.”

“ಹಾಗಾದ್ರೆ ಬೇಗ ಬರಿ ಮಾರಾಯ. ನಿನ್ನನ್ನು ಶಾಲೆಗೆ ಇಟ್ಟುಕೊಂಡದ್ದು ನಾನು. ಎಷ್ಟು ಸಮಯ ಅಂತ ಇಟ್ಟುಕೊಳ್ಳುವುದು?”

ಹೇಳಿ ಅವರು ಎದ್ದು, ಪಂಚೆ ಕೊಡವಿಕೊಂಡು ಕಾಯಿಯ ರಾಶಿಯ ಕಡೆ ಹೋದರು. ನಾನು ಪುನಃ ಬರೆದೆ, ಪಾಸಾದೆ, ಮಾರ್ಕ್ಸ್ ಕಾರ್ಡನ್ನು ಮೊದಲು ಅವರಿಗೆ ತೋರಿಸಲು ಕೊಂಡುಹೋದೆ. ಕೈಯಲ್ಲಿ ತೆಂಗಿನ ನಾರಿನ ಕೊಳೆ ಉಂಟು ಎಂದು ಅವರು ಅದನ್ನು ಮುಟ್ಟಲಿಲ್ಲ. ನನ್ನ ಕೈಯಲ್ಲಿಯೇ ಹಿಡಿಸಿಕೊಂಡು, ಓದಲು ಬರದಿದ್ದರೂ ಮೇಲಿನಿಂದ ಕೆಳಗಿನವರೆಗೆ ನೋಡಿ, ಗಣಿತ ಯಾವುದು ಎಂದು ಕೇಳಿದರು. ತೋರಿಸಿದೆ.

ಇದನ್ನು ಬರೆಯಲು ನನಗೆ ತುಂಬ ದಿನ ಹಿಡಿಯಿತು. ಓದಿದ ನಿಮ್ಮಲ್ಲಿಯೂ ಇಂಥವರು ಒಬ್ಬರು ಇರಬಹುದು. ನಿಮ್ಮ ಓದಿಗೆ ಮನೆಯವರಲ್ಲದ ಯಾರಾದರೂ ತಮ್ಮ ಜಾಗ ಬಿಟ್ಟುಕೊಟ್ಟದ್ದಿದ್ದರೆ, ಅವರು ಯಾರು, ಆಮೇಲೆ ಅವರಿಗೆ ಏನಾಯಿತು, ನೀವು ಅವರಿಗೆ ಏನು ಹೇಳಿದಿರಿ ಎಂದು ದಯವಿಟ್ಟು ಬರೆಯಿರಿ. ತಪ್ಪಿಲ್ಲದೆ ಬರೆಯಬೇಕೆಂದೇನೂ ಇಲ್ಲ.